ಮಗಳ ಮನೆಗೆ ಜಪಾನಿನ ಹಳೆ ಜೀಪು ಬಂದ ಕತೆ

ಕಳುದ ಸರ್ತಿ ಹಲಸಿನಕಾಯಿ ಹಪ್ಪಳದ ಬಗ್ಗೆ ಬರದಪ್ಪಗ ಆಚಮನೆ ಅಕ್ಕ ನೆಗೆ ಮಾಡಿತ್ತು. "ನ್ಯೂಜಿಲೆಂಡಿಲಿ ಆರು ತಿಂಗಳು ಕೂದು ಬಂದು ಹಪ್ಪಳವೇ ಬರವದಾ? ಅಲ್ಲಿ ಎಂತದೂ ಕಲ್ತಿದಿಲ್ಲೆಯಾ?" ಹೇಳಿ. ಕಲ್ತಿದೆ ಅಕ್ಕ. ಹಳೆ ಡೀಸೆಲ್ ಜೀಪಿನ ಹೇಂಗೆ ನೋಡಿ ತೆಕ್ಕೊಳೆಕ್ಕು ಹೇಳಿ ಕಲ್ತಿದೆ. ನಿಂಗೊ ನೆಗೆ ಮಾಡೆಡಿ. ಪಿಯುಸಿಲಿ ಚರಿತ್ರೆ ಎನ್ನ ಮೆಚ್ಚಿನ ವಿಷಯ. ಇಂಜಿನಿನ ಚರಿತ್ರೆ ಮಾಂತ್ರ ಅಜ್ಜಿ ಆದ ಮತ್ತೆಯೇ ಓದಿದ್ದು.

2017ರಲ್ಲಿ ಮಗಳ ಬಾಳಂತನಕ್ಕೆ ಹೇಳಿ ಆನು ಹೋದ್ದು. ಅಳಿಯಂಗೆ ವೈಕಾಟೊ ಹೇಳುವ ಸೀಮೆಲಿ ಡೈರಿ ಫಾರ್ಮಿಲಿ ಕೆಲಸ. ಮನೆ ಪೇಟೆಂದ ದೂರ, ಅಕೇರಿಯಾಣ ಆರು ಕಿಲೋಮೀಟರು ಜಲ್ಲಿ ಮಾರ್ಗ. ಮಳೆ ಬಂದರೆ ನಮ್ಮ ತೋಟದ ಮಾರ್ಗದ ಹಾಂಗೇ ಕೊಚ್ಚೆ. ಬಸ್ಸು ಇಲ್ಲೆ, ರಿಕ್ಷಾ ಇಲ್ಲೆ. ಗಾಡಿ ಇದ್ದರೆ ಊರು, ಇಲ್ಲದ್ದರೆ ಜೈಲು.

ಗಾಡಿ ಒಂದು ಇತ್ತಿದ್ದು. ಜಪಾನಿಂದ ಬಂದ ಹಳೆ ಡೀಸೆಲ್ ಫೋರ್-ವೀಲು, ಎರಡು ವರ್ಷ ಮದಲು ಒಂದು ಅಂಗಡಿಂದ ತೆಗದ್ದು. ಹೊಳವದು ನೋಡಿ ಮರುಳಾದವು. ಮಾಣಿಗೆ ಮೂರು ತಿಂಗಳಪ್ಪಗ ಟೌರಂಗಾಲ್ಲಿ ಒಂದು ಕನ್ನಡದವರ ಮನೆಗೆ ಊಟಕ್ಕೆ ಹೇಳಿ ಮಗಳು, ಮಾಣಿ, ಆನು ಮೂರೇ ಜನ ಹೆರಟೆಯೊ°. ನೆಡುಕೆ ಕೈಮಾಯಿ ಹೇಳುವ ಗುಡ್ಡೆ ಹತ್ತೆಕ್ಕು. ಚಾರ್ಮಾಡಿಯಷ್ಟು ತಿರ್ಗಾಸು ಇಲ್ಲೆ, ಆದರೆ ಏರು ಇದ್ದು. ಅರ್ಧ ಹತ್ತಿಯಪ್ಪಗ ಬೆಶಿಯ ಮುಳ್ಳು ಕೆಂಪಿಂಗೆ ಹೋತು, ಎದುರಂದ ಹೊಗೆ ಬಂತು, ಗಾಡಿ ನಿಂದತ್ತು. ಎಳವ ಗಾಡಿ ಬಪ್ಪಲೆ ಎರಡು ಗಂಟೆ. ಹೆರ ಜೋರು ಮಳೆ, ಚಳಿ. ಮಾಣಿ ಕೂಗಿದ°, ಮತ್ತೆ ಮಗಳೂ ಕೂಗಿತ್ತು.

ಇಂಜಿನಿನ ಹೆಡ್ ಒಡದ್ದು ಹೇಳಿ ಮೆಕ್ಯಾನಿಕ್ ಹೇಳಿದ°. ಸರಿ ಮಾಡುವ ಖರ್ಚು ಗಾಡಿಯ ಕ್ರಯಂದ ಹೆಚ್ಚು. ಪೈಸೆ ಹೋದ್ದು ಒಂದು ಬೇಜಾರು. ಅದರಿಂದ ದೊಡ್ಡದು, ಮಗಳು ಮತ್ತೆ ಸ್ಟೇರಿಂಗು ಮುಟ್ಟಿದ್ದಿಲ್ಲೆ. ಪೇಟೆಯ ಮದ್ದಿನ ಅಂಗಡಿಲಿ ಕೆಲಸ ಮಾಡಿಗೊಂಡಿದ್ದ ಕೂಸು, "ಎನಗಿನ್ನು ಕೆಲಸ ಬೇಡಬ್ಬೆ, ಮನೆಲೇ ಇರ್ತೆ" ಹೇಳಿತ್ತು. ಮನೆಲೇ ಇಪ್ಪದು ಸಣ್ಣ ಕೆಲಸ ಅಲ್ಲ, ಆನು ಮೂವತ್ತು ವರ್ಷಂದ ಮಾಡ್ತಾ ಇದ್ದೆ. ಆದರೆ ಹೆದರಿ ಮನೆಲಿ ಕೂಪದು ಬೇರೆ.

ಅಳಿಯ° ದಿನಾ ಇರುಳು ಮಾರಾಟದ ಗಾಡಿಗಳ ಪಟ್ಟಿ ನೋಡುಗು. ಪಜೆರೊ, ಪ್ರಾಡೊ, ಸರ್ಫ್, ಟೆರ್ರಾನೊ, ಬಿಗ್‌ಹಾರ್ನ್, ಎಲ್ಲವೂ ಜಪಾನು, ಎಲ್ಲವೂ ಹದಿನೈದು-ಇಪ್ಪತ್ತು ವರ್ಷದ್ದು. ಇಷ್ಟು ಹಳತ್ತರ ಸಮುದ್ರ ದಾಂಟಿಸಿ ತಂದವು ಎಂತಕೆ? ಎನ್ನ ತಲೆಲಿ ಅದೇ ಹುಳು. ಪೇಟೆಯ ಲೈಬ್ರರಿಲಿ ಕೂದು ಓದಿದೆ, ಹತ್ರಾಣ ಫಾರ್ಮಿನ ಅಜ್ಜಿಯ ಹತ್ರೆ ಕೇಳಿದೆ.

ನ್ಯೂಜಿಲೆಂಡಿಲಿ 1938ರ ದಶಂಬರಲ್ಲಿ, ವಾಲ್ಟರ್ ನ್ಯಾಶ್ ಹಣಕಾಸು ಮಂತ್ರಿ ಆಗಿಪ್ಪಗ, ಹೆರಾಣ ಸಾಮಾನಿಂಗೆ ಲೈಸನ್ಸು ಬೇಕು ಹೇಳಿ ಆತು. ದೇಶಲ್ಲಿ ವಿದೇಶಿ ಪೈಸೆ ಕಮ್ಮಿ ಆದ ಕಾರಣ ತಂದ ಏರ್ಪಾಡು, ಹತ್ರೆ ಹತ್ರೆ ಐವತ್ತು ವರ್ಷ ನಿಂದತ್ತು. ಕಾರು ಬಿಡಿ ಭಾಗ ಆಗಿ ಪೆಟ್ಟಿಗೆಲಿ ಬಪ್ಪದು, ಅಲ್ಲಿ ಜೋಡುಸುದು. ಹೊಸ ಕಾರು ಬೇಕಾರೆ ವರ್ಷಗಟ್ಲೆ ಕಾಯೆಕ್ಕು, ವಿದೇಶಲ್ಲಿ ಪೈಸೆ ಮಡಗಿದವಕ್ಕೆ ಬೇಗ ಸಿಕ್ಕುಗು. ಹಾಂಗಾಗಿ ರಜ್ಜ ಓಡಿದ ಕಾರಿಂಗೆ ಹೊಸತ್ತರಿಂದ ಹೆಚ್ಚು ಕ್ರಯ! ಅಂಬಾಸಿಡರಿಂಗೂ ಬಜಾಜ್ ಸ್ಕೂಟರಿಂಗೂ ಕಾದ ನವಗೆ ಇದರ ಬಿಡುಸಿ ಹೇಳೆಕ್ಕು ಹೇಳಿ ಇಲ್ಲೆ. ಆ ಅಜ್ಜಿಯ ಗೆಂಡ ಒಂದು ಮಾರಿಸ್ ಮೈನರಿನ ಇಪ್ಪತ್ತು ವರ್ಷ ಓಡ್ಸಿದ್ದವಡ.

1984ರಲ್ಲಿ ಬಂದ ಸರಕಾರ, ರೋಜರ್ ಡಗ್ಲಸ್ ಹೇಳುವ ಮಂತ್ರಿಯ ಕಾಲಲ್ಲಿ, ಕಟ್ಟು ಸಡ್ಳುಸುಲೆ ಸುರು ಮಾಡಿತ್ತು. ಆ ದಶಕದ ಅಕೇರಿಗೆ ಜಪಾನಿನ ಹಳೆ ಕಾರು ಹಡಗಿಲಿ ತುಂಬಿ ಬಪ್ಪಲೆ ಸುರುವಾತು. ಜಪಾನಿಲಿಯೂ ನಮ್ಮ ಹಾಂಗೆ ಎಡತ್ತಿಲಿ ಹೋಪದು, ಸ್ಟೇರಿಂಗು ಬಲತ್ತಿಲಿ. ಅಲ್ಲಿ ಹೊಸ ಕಾರಿಂಗೆ ಮೂರು ವರ್ಷ ಕಳುದ ಮತ್ತೆ, ಅದರಿಂದ ಮತ್ತೆ ಎರಡೆರಡು ವರ್ಷಕ್ಕೆ 'ಶಾಕೆನ್' ಹೇಳುವ ಪರೀಕ್ಷೆ. ಅದಕ್ಕೆ ಖರ್ಚು ಜಾಸ್ತಿ, ಹಾಂಗಾಗಿ ಸುಮಾರು ಜನ ಪರೀಕ್ಷೆಂದ ಮದಲೇ ಮಾರಿಬಿಡ್ತವು. ಒಬ್ಬಂಗೆ ಭಾರ ಆದ್ದು ಇನ್ನೊಬ್ಬಂಗೆ ಬಂಗಾರ ಆತು. 1998ರಲ್ಲಿ ನ್ಯೂಜಿಲೆಂಡು ಕಾರಿನ ಸುಂಕವನ್ನೇ ತೆಗದತ್ತು. ತೇಮ್ಸ್, ಪೊರಿರುವಾ, ನೆಲ್ಸನ್ ಊರುಗಳ ಜೋಡಣೆ ಕಾರ್ಖಾನೆಗೊ ಅದೇ ವರ್ಷ ಮುಚ್ಚಿದವು. ಕಮ್ಮಿ ಕ್ರಯದ ಕಾರು ಸಿಕ್ಕಿದವು ಸಂತೋಷಪಟ್ಟವು. ಕೆಲಸ ಹೋದವರ ಮನೆ ಹೆಮ್ಮಕ್ಕೊ ಆ ತಿಂಗಳು ಹೇಂಗೆ ಸುಧಾರ್ಸಿದವು ಹೇಳಿ ಆನು ಓದಿದ ಪುಸ್ತಕಲ್ಲಿ ಒಂದು ಗೆರೆಯೂ ಇತ್ತಿಲ್ಲೆ.

ಡೀಸೆಲಿನ ಕತೆ ಬೇರೆ. ಪಜೆರೊ 1982ರಲ್ಲಿ ಬಂದು, 1985ರ ಪ್ಯಾರಿಸ್-ಡಕಾರ್ ಓಟಲ್ಲಿ ಗೆದ್ದತ್ತು. 1990ರ ದಶಕಲ್ಲಿ ಜಪಾನಿನ ಪೇಟೆಯವಕ್ಕೆ ಗುಡ್ಡೆ ಹತ್ತುವ ಗಾಡಿಯ ಮರುಳು ಹಿಡುದತ್ತು. ಡೀಸೆಲಿಂಗೆ ತೆರಿಗೆ ಕಮ್ಮಿ ಬೇರೆ. ಗುಡ್ಡೆ ಹತ್ತಿದವು ಎಷ್ಟು ಜನವೋ, ಪೇಟೆಲಿ ಹೊಗೆ ಮಾಂತ್ರ ತುಂಬಿತ್ತು. 1992ರಲ್ಲಿ ಒಂದು ಹೊಗೆ ಕಾನೂನು ಬಂತು. 1999ರಲ್ಲಿ ಟೋಕಿಯೊದ ಗವರ್ನರ್ ಶಿಂತಾರೊ ಇಶಿಹಾರ ಪತ್ರಿಕೆಯವರ ಎದುರು ಒಂದು ಪ್ಲಾಸ್ಟಿಕ್ ಕುಪ್ಪಿಲಿ ಡೀಸೆಲಿನ ಮಸಿ ತುಂಬುಸಿ ಆಡ್ಸಿ ತೋರ್ಸಿದವಡ. ನಮ್ಮ ಬಚ್ಚಲೊಲೆಯ ಮಸಿಯನ್ನೂ ಹಾಂಗೆ ಆರಾರು ತೋರ್ಸಿದ್ದರೆ ಗೋಬರ್ ಗ್ಯಾಸ್ ರಜ್ಜ ಬೇಗ ಬತ್ತಿತೋ ಏನೋ. 2001ರಲ್ಲಿ ಕಾನೂನು ಗಟ್ಟಿ ಆತು, ದೊಡ್ಡ ಪೇಟೆಗಳಲ್ಲಿ ಹಳೆ ಡೀಸೆಲ್ ಕಾರುಗಳ ಮತ್ತೆ ನೋಂದಣಿ ಮಾಡ್ಲೆ ಎಡಿಯದ್ದ ಹಾಂಗೆ ಆತು. ಓಡುವ ಗಟ್ಟಿ ಗಾಡಿಗೊ ಹಡಗು ಹತ್ತಿದವು. ಜಪಾನಿನವು ಹೊಗೆಯ ಓಡ್ಸಿದವು ಹೇಳುದು ಸಮ ಅಲ್ಲ, ಆಚಮನೆಗೆ ಕಳುಸಿದವು. ನ್ಯೂಜಿಲೆಂಡೂ 2007ರಲ್ಲಿ ಹೊಗೆಗೆ ನಿಯಮ ಮಾಡಿತ್ತು, 2008ರಿಂದ ಆ ನಮುನೆ ಹಳತ್ತು ಬಪ್ಪದು ನಿಂದತ್ತು. ಅಳಿಯನ ಪಟ್ಟಿಲಿ ಇದ್ದ ಗಾಡಿಗೊ ಪೂರ ಅದರಿಂದ ಮದಲು ಇಳುದವು.

ಚರಿತ್ರೆ ಇಷ್ಟು ಗೊಂತಾದಪ್ಪಗ ಒಂದು ವಿಷಯ ಹೊಳದತ್ತು. ಇವು ಎರಡು ದೇಶಲ್ಲಿ ದುಡುದ ಗಾಡಿಗೊ. ಜಪಾನಿನ ಹಿಮದ ಊರಿಲಿ ಮಾರ್ಗಕ್ಕೆ ಉಪ್ಪು ಹಾಕುತ್ತವು, ನ್ಯೂಜಿಲೆಂಡಿನವು ದೋಣಿ ಇಳುಸುಲೆ ಕಡಲಿಂಗೇ ಹಿಂದೆ ಹೋವುತ್ತವು. ಅಂಬಗ ಮೇಗಾಣ ಬಣ್ಣ ನೋಡುದಲ್ಲ, ಅಡಿಲಿ ಬಗ್ಗಿ ತುಕ್ಕು ನೋಡೆಕ್ಕು.

ಎನ್ನ ಅಬ್ಬೆ ದನ ತೆಗವಲೆ ಹೋಪಗ ಒಂದು ಕ್ರಮ ಇತ್ತು. ಮಾರುವವ° ಹೇಳಿದ ಹೊತ್ತಿಂಗೆ ಹೋಪಲಾಗ, ಮದಲೇ ಹೋಯೆಕ್ಕು. ಎರಡು ಹೊತ್ತಿನ ಹಾಲು ನಿಂದು ನೋಡೆಕ್ಕು. ಒಂದು ಹೊತ್ತು ಕರೆಯದ್ದೆ ಬಿಟ್ಟರೆ ಆರ ದನದ ಕೆಚ್ಚಲೂ ದೊಡ್ಡ ಕಾಂಗು. ಡೀಸೆಲ್ ಇಂಜಿನೂ ಹಾಂಗೇ. ಬೆಶಿ ಇಪ್ಪಗ ಎಲ್ಲವೂ ಚೆಂದಕೆ ಹೊಡೆಗು, ತಣ್ಣಂಗಾಗಿಪ್ಪಗ ಸುರು ಮಾಡಿರೆ ರೋಗ ಗೊಂತಕ್ಕು. ಎಂಗೊ ನೋಡ್ಲೆ ಹೋದ ಸುರುವಾಣ ಗಾಡಿ ಕಾಂಬಲೆ ಮದಿಮ್ಮಾಳಿನ ಹಾಂಗೆ ಇತ್ತಿದ್ದು. ಅಳಿಯ° ಆಗಲೇ ತಲೆ ಆಡ್ಸಿಗೊಂಡಿತ್ತಿದ್ದ°. ಆನು ಬೋನೆಟ್ಟಿನ ಮೇಗೆ ಕೈ ಮಡಗಿದೆ. ದೋಸೆ ಎರದಿಕ್ಕಿ ಇಳುಸಿದ ಕಾವಲಿಯ ಹಾಂಗೆ ಬೆಶಿ! "ಇದರ ಈಗಷ್ಟೇ ಓಡ್ಸಿದ್ದವು, ನಾಳೆ ಉದಿಯಪ್ಪಗ ಬತ್ತೆಯೊ° ಹೇಳು" ಹೇಳಿದೆ. ಮಾರುವವಂಗೆ ನಾಳೆ ಪುರುಸೊತ್ತು ಇತ್ತಿಲ್ಲೆಡ. ಎಂಗೊಗೆ ಮತ್ತೆ ಆ ಹೊಡೆಂಗೆ ಹೋಪ ಕೆಲಸ ಬಯಿಂದಿಲ್ಲೆ.

ಎರಡನೇದರ ರೇಡಿಯೇಟರಿನ ಮುಚ್ಚಲು ತೆಗದರೆ (ತಣ್ಣಂಗಾದ ಮತ್ತೆಯೇ ತೆಗೆಯೆಕ್ಕು, ಮರೆಡಿ) ನೀರಿನ ಮೇಗೆ ಸಾರಿನ ಎಣ್ಣೆಯ ಹಾಂಗೆ ತೇಲಿಗೊಂಡಿತ್ತು. ಹೆಡ್ಡಿನ ಉಪದ್ರ ಆದಿಕ್ಕು ಹೇಳಿ ಬಿಟ್ಟೆಯೊ°. ಇನ್ನೊಂದರ ಮೀಟರಿಲಿ 80 ಸಾವಿರ, ಬ್ರೇಕಿನ ರಬ್ಬರು ಮಾಂತ್ರ ಹಳೆ ಒನಕೆಯ ತಲೆಯ ಹಾಂಗೆ ಸವದ್ದು. ಮೀಟರು ಹಿಂದೆ ತಿರುಗುಸುದು ಅಲ್ಲಿ ಹಳೆ ವಿದ್ಯೆ.

ಅಕೇರಿಗೆ ಸಿಕ್ಕಿದ್ದು ಒಂದು ಟೆರ್ರಾನೊ, 2.7 ಲೀಟರಿನದ್ದು. ಚೆಂದ ಇತ್ತಿಲ್ಲೆ, ಒಂದು ಬಾಗಿಲು ಉಜ್ಜಿ ಹೋಗಿತ್ತು. ಆದರೆ ಆ ಇಂಜಿನಿಂಗೆ ಟೈಮಿಂಗ್ ಬೆಲ್ಟು ಇಲ್ಲೆ, ಹಲ್ಲಿನ ಚಕ್ರವೇ. ಬೆಲ್ಟಿಪ್ಪ ಇಂಜಿನಿಲಿ ಅದರ ಯೇವಗ ಬದಲ್ಸಿದ್ದು ಹೇಳುವ ಚೀಟಿ ಕೇಳೆಕ್ಕು, ಬೆಲ್ಟು ತುಂಡಾದರೆ ಇಂಜಿನೂ ಹೋತು ಹೇಳಿ ಲೆಕ್ಕ. ಮಾರುವವು ಒಂದು ಪ್ರಾಯದ ಹೆಮ್ಮಕ್ಕೊ, ಎಣ್ಣೆ ಬದಲ್ಸಿದ ಪ್ರತಿ ಚೀಟಿಯನ್ನೂ ಬಿಸ್ಕೆಟಿನ ಡಬ್ಬಿಲಿ ಮಡಗಿತ್ತಿದ್ದವು. ಆ ಡಬ್ಬಿ ಕಂಡಪ್ಪಗಳೇ ಎನ್ನ ಮನಸ್ಸು ಅರ್ಧ ಒಪ್ಪಿತ್ತು. ಜಪಾನಿನ ಕಾಗದಲ್ಲಿ ವರ್ಷ 'ಹೇಸೆಯಿ 8' ಹೇಳಿ ಇದ್ದು. ಅವರ ಅರಸನ ಕಾಲದ ಲೆಕ್ಕ, 1989 ಒಂದನೇ ವರ್ಷ, ಹಾಂಗಾರೆ 1996. ನಮ್ಮ ಧಾತು ಸಂವತ್ಸರ ಹೇಳಿ ಆನು ಬೆರಳಿಲಿ ಎಣಿಸಿ ಹೇಳಿಯಪ್ಪಗ ಅಳಿಯ° ಬಾಯಿ ಬಿಟ್ಟ°.

ಮರದಿನ ಉದಿಯಪ್ಪಗ ತಣ್ಣಂಗಿಪ್ಪಗಳೇ ಸುರು ಮಾಡ್ಸಿದೆಯೊ°. ರಜ್ಜ ಬೆಳಿ ಹೊಗೆ ಬಂದು ನಿಂದತ್ತು. ನೀಲಿ ಬಂದರೆ ಎಣ್ಣೆ ಹೊತ್ತುತ್ತಾ ಇದ್ದು ಹೇಳಿ ಲೆಕ್ಕ, ಅದು ಬಯಿಂದಿಲ್ಲೆ. ಜಲ್ಲಿ ಮಾರ್ಗಲ್ಲಿ ನಾಲ್ಕು ಚಕ್ರದ ಲಿವರು ಹಾಕಿ ನೋಡಿದೆಯೊ°. ಅಡಿಂಗೆ ನುಗ್ಗಿ ನೋಡುವ ಕೆಲಸ ಪೈಸೆ ಕೊಟ್ಟು ಮೆಕ್ಯಾನಿಕ್‌ನ ಕೈಲಿ ಮಾಡ್ಸಿದೆಯೊ°, ಆ ಪೈಸೆಲಿ ಪಿಟ್ಟಾಸು ಮಾಡ್ಲಾಗ. ಇನ್ನೊಂದಿದ್ದು. ಅಲ್ಲಿ ಡೀಸೆಲ್ ಪಂಪಿಲಿ ಮಾರ್ಗದ ತೆರಿಗೆ ಇಲ್ಲೆ, 1978ರಿಂದ ಕಿಲೋಮೀಟರಿನ ಲೆಕ್ಕಲ್ಲಿ ಮದಲೇ ಚೀಟಿ ತೆಗೆಯೆಕ್ಕು. ಮದಲಾಣವು ಬಾಕಿ ಮಡಗಿದ್ದರೆ ಅದು ತೆಕ್ಕೊಂಡವರ ತಲೆಗೇ. ಗಾಜಿಲಿಪ್ಪ ಚೀಟಿಗೂ ಮೀಟರಿಂಗೂ ತಾಳೆ ನೋಡಿದ್ದು ಮಗಳೇ. ಅಷ್ಟು ದಿನ ಮನೆಂದ ಹೆರಡದ್ದ ಕೂಸು ಅಂದು ಬಂದಿತ್ತು.

ಎನ್ನ ಅಜ್ಜನ ಮನೆಲಿಯೂ ಒಂದು ಹೀಂಗಿಪ್ಪ ಗಾಡಿ ಇತ್ತಿದ್ದು, ಯುದ್ಧ ಮುಗುದ ಮತ್ತೆ ಮಿಲಿಟರಿಯವು ಮಾರಿದ ವಿಲ್ಲಿಸ್ ಜೀಪು. ಪೆಟ್ರೋಲು ಕುಡುದು ಕುಡುದು ಅಜ್ಜನ ಬಡವನ ಮಾಡಿತ್ತು ಹೇಳಿ ಮಾವಂದ್ರು ಮತ್ತೆ ಡೀಸೆಲ್ ಇಂಜಿನು ಕೂರ್ಸಿದವು. ಅಜ್ಜಿ ಅದರ್ಲಿ ಕೂದ್ದು ಆಸ್ಪತ್ರೆಗೆ ಹೋಪಗ ಮಾಂತ್ರ, ಅದೂ ಹಿಂದಾಣ ಸೀಟಿಲಿ.

ಆನು ಊರಿಂಗೆ ಹೆರಡುವ ಮದಲಾಣ ವಾರ ಮಗಳು ಟೆರ್ರಾನೊಲ್ಲಿ ಕೈಮಾಯಿ ಹತ್ತಿತ್ತು. ಆನು ಹತ್ರೆ ಕೂದೊಂಡು ಬೆಶಿಯ ಮುಳ್ಳನ್ನೇ ನೋಡಿಗೊಂಡಿತ್ತಿದ್ದೆ. ಅದು ನೆಡುಗಿಂದ ಹಂದಿದ್ದಿಲ್ಲೆ. ಮದಲು ನಿಂದ ಜಾಗೆ ಬಂದಪ್ಪಗ ಎಂಗೊ ಇಬ್ರೂ ಮಾತಾಡಿದ್ದಿಲ್ಲೆ. ಇಳುಕಲು ಸುರುವಾದಪ್ಪಗ, "ಅಬ್ಬೆ, ಆನು ಬಪ್ಪ ತಿಂಗಳು ಕೆಲಸಕ್ಕೆ ಹೋವುತ್ತೆ" ಹೇಳಿತ್ತು.

ಆ ಗಾಡಿ ಈಗಳೂ ಓಡ್ತು. 2000ಂದ ಮದಲಾಣದ್ದಾದ ಕಾರಣ ಆರಾರು ತಿಂಗಳಿಂಗೆ ಪರೀಕ್ಷೆ ಮಾಡ್ಸಿಗೊಂಡು ಬೈಂದವು. ರೇಡಿಯೋ ಜಪಾನಿನದ್ದು, ಆ ಕಾಲಲ್ಲಿ ಅಲ್ಲಿಯಾಣ ಸ್ಟೇಶನುಗೊ 76ರಿಂದ 90ರ ಒಳದಿಕೆ ಇತ್ತಿದ್ದವು, ನ್ಯೂಜಿಲೆಂಡಿಂದು 88ರಿಂದ ಮೇಗೆ. ಹಾಂಗಾಗಿ ಒಂದೋ ಎರಡೋ ಸ್ಟೇಶನು ಸಿಕ್ಕುಗಷ್ಟೆ. ಕೀಲಿ ತಿರುಗುಸಿಯಪ್ಪಗ ಟೋಲಿನ ಕಾರ್ಡು ಹಾಕಿದ್ದಿಲ್ಲೆ ಹೇಳಿ ಒಂದು ಹೆಮ್ಮಕ್ಕಳ ಸ್ವರ ಜಪಾನಿಲಿ ಹೇಳ್ತು. ಮಾಣಿ ಹಿಂದಾಣ ಸೀಟಿಂದ ದಿನಾಗಳೂ ಅದಕ್ಕೆ ಉತ್ತರ ಕೊಡುಗು, "ಅಕ್ಕು ಅಜ್ಜಿ" ಹೇಳಿ.