ಆಕುರ್ಡಿಯ ಚೇತಕ್

ಪುಣೆಯ ಹೊರವಲಯದ ಆಕುರ್ಡಿಯಲ್ಲಿ ಬಜಾಜ್ ಆಟೋ ಕಾರ್ಖಾನೆ ಇಟಲಿಯ ಪಿಯಾಜಿಯೋ ಕಂಪನಿಯ ಪರವಾನಗಿ ಪಡೆದು ವೆಸ್ಪಾ ಸ್ಕೂಟರ್ ತಯಾರಿಸುತ್ತಿದ್ದ ಕಾಲ. ರಾಹುಲ್ ಬಜಾಜ್ 1968ರಲ್ಲಿ, ಮೂವತ್ತರ ಹರೆಯದಲ್ಲೇ, ಸಂಸ್ಥೆಯ ಚುಕ್ಕಾಣಿ ಹಿಡಿದರು. 1971ರಲ್ಲಿ ಇಟಲಿಯ ಒಪ್ಪಂದ ಮುಗಿಯಿತು. ಮರುವರ್ಷವೇ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಚೇತಕ್ ಬೀದಿಗಿಳಿಯಿತು.

ವರ್ಷಕ್ಕೆ ಎಷ್ಟು ಗಾಡಿ ತಯಾರಾಗಬೇಕೆಂದು ದಿಲ್ಲಿ ಅಪ್ಪಣೆ ಕೊಡುತ್ತಿದ್ದ ದಿನಗಳವು. ಮುಂಗಡ ಕಟ್ಟಿ ಹತ್ತು ವರ್ಷ ಕಾದವರುಂಟು. ಮದುವೆ ಮಾತುಕತೆಯಲ್ಲಿ ಚೇತಕ್ ಕೇಳುವ ಬೀಗರಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸಿ, ಎತ್ತಿ ನಿಲ್ಲಿಸಿ, ಮತ್ತೆ ಕಿಕ್ ಹೊಡೆಯಬೇಕು. ಎಡಗೈಯಲ್ಲಿ ಗೇರು ತಿರುಗಿಸುತ್ತ, ಮುಂದೆ ಮಗುವನ್ನು ನಿಲ್ಲಿಸಿಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಮಧ್ಯಮವರ್ಗ ಊರು ಸುತ್ತಿದ್ದೇ ಇದರ ಮೇಲೆ.

1985ರಲ್ಲಿ ಹೀರೋ ಹೋಂಡಾ ಬೈಕು ಬಂತು. ಆಯಿಲ್ ಬೆರೆಸುವ ತಾಪತ್ರಯವಿಲ್ಲ, ಪೆಟ್ರೋಲಿನ ಖರ್ಚೂ ಕಡಿಮೆ. ಬಜಾಜ್ ಜಪಾನಿನ ಕವಾಸಾಕಿಯೊಡನೆ ಕೈಜೋಡಿಸಿ ಬೈಕು ಮಾಡಿತಾದರೂ ಮನಸ್ಸು ಸ್ಕೂಟರಿನಲ್ಲೇ ಇತ್ತು. 1991ರ ಉದಾರೀಕರಣದ ನಂತರ ಗಿರಾಕಿಗೆ ಕಾಯುವ ದರ್ದು ಉಳಿಯಲಿಲ್ಲ. ಹೊಸ ಶತಮಾನ ಕಾಲಿಡುವಷ್ಟರಲ್ಲಿ ಮೊದಲ ಸ್ಥಾನ ಹೀರೋ ಹೋಂಡಾದ ಪಾಲಾಯಿತು.

ರಾಹುಲ್ ಅವರ ಮಗ ರಾಜೀವ್ ಬಜಾಜ್ ಪುಣೆ ಬಳಿಯ ಚಾಕಣದ ಹೊಸ ಕಾರ್ಖಾನೆಯನ್ನು ನೆಚ್ಚಿದರು. 2001ರ ನವೆಂಬರಿನಲ್ಲಿ ಅಲ್ಲಿಂದ ಹೊರಬಂದ ಪಲ್ಸರ್, ಕವಾಸಾಕಿಯ ಹೆಸರಿನ ಆಸರೆಯಿಲ್ಲದೆ ಯುವಕರ ಮನಸ್ಸು ಗೆದ್ದಿತು. ಸಂಸ್ಥೆ ಬದುಕಿತು. ಆದರೆ 2007ರಲ್ಲಿ ಆಕುರ್ಡಿಯಲ್ಲಿ ವಾಹನ ತಯಾರಿಕೆ ನಿಂತಿತು. ಆ ಬದಲಾವಣೆಯ ಬೆಲೆಯನ್ನು ಮೊದಲು ತೆತ್ತವರು ಅಲ್ಲಿನ ಕಾರ್ಮಿಕರು. 2009ರಲ್ಲಿ ರಾಜೀವ್ ಸ್ಕೂಟರನ್ನೇ ಕೈಬಿಡುವುದಾಗಿ ಸಾರಿದಾಗ ತಂದೆ ತಮ್ಮ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು.

ಬೈಕಿನತ್ತ ಹೊರಳಿದ್ದು ಸರಿ, ಸ್ಕೂಟರನ್ನು ಪೂರ್ತಿ ತೊರೆದದ್ದು ತಪ್ಪು ಎಂದೇ ನನ್ನ ತೀರ್ಮಾನ. ಗೇರಿಲ್ಲದ ಸ್ಕೂಟರನ್ನು ಹೆಂಗಸರೂ ವಯಸ್ಸಾದವರೂ ಬಯಸುತ್ತಿದ್ದ ಹೊತ್ತಿನಲ್ಲಿ ಬಜಾಜ್ ಆ ಅಂಗಳವನ್ನು ಹೋಂಡಾದ ಆ್ಯಕ್ಟಿವಾಕ್ಕೆ ಬಿಟ್ಟುಕೊಟ್ಟಿತು. ಸಂಸ್ಥೆ ಮತ್ತೆ ಸ್ಕೂಟರಿಗೆ ಮರಳಿದ್ದು 2020ರಲ್ಲಿ, ಬ್ಯಾಟರಿಯ ಚೇತಕ್‌ನೊಡನೆ. ಮೊದಲು ಮಾರಿದ್ದು ಪುಣೆ, ಬೆಂಗಳೂರುಗಳಲ್ಲಿ. ರಾಹುಲ್ 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಜೂನ್‌ನಲ್ಲಿ ಆಕುರ್ಡಿಯಲ್ಲಿ ವಿದ್ಯುತ್ ವಾಹನಗಳ ಕಾರ್ಖಾನೆ ಶುರುವಾಯಿತು. ಈ ಸಲ ಎದುರಾಳಿಗಳು ನೆರೆಯವರೇ: ಬೆಂಗಳೂರಿನ ಏಥರ್ ಮತ್ತು ಓಲಾ, ಹೊಸೂರಿನ ಟಿವಿಎಸ್.