ಕಾರಿನ ಹೊಳಪು: ಉಜ್ಜಿದಷ್ಟೂ ಸವೆಯುವ ಚರಿತ್ರೆ

ಬೆಳಿಗ್ಗೆ ಮನೆಯ ಮುಂದೆ ನಿಂತ ಕಾರಿನ ದೂಳನ್ನು ಒಣ ಬಟ್ಟೆಯಿಂದ ಒರೆಸುವುದು ನಮ್ಮ ಊರುಗಳಲ್ಲಿ ದಿನನಿತ್ಯದ ದೃಶ್ಯ. ಒರೆಸಿದವರಿಗೆ ಕಾರು ಫಳಫಳ ಹೊಳೆಯಿತೆಂಬ ಸಮಾಧಾನ. ಅದೇ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿದರೆ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ದೂಳಿನಲ್ಲಿದ್ದ ಮರಳಿನ ಕಣಗಳು ಬಟ್ಟೆಯ ಅಡಿಗೆ ಸಿಕ್ಕಿ ಮಾಡಿದ ಕೆಲಸ ಅದು. ಈ ಗೀರುಗಳನ್ನು ತೆಗೆದು ಬಣ್ಣಕ್ಕೆ ಮೊದಲಿನ ಕಳೆ ತರುವುದು, ಸೀಟಿನ ಕಲೆ ಹೋಗಲಾಡಿಸುವುದು ಇಂದು ‘ಡೀಟೇಲಿಂಗ್’ ಎಂಬ ಪ್ರತ್ಯೇಕ ಕಸುಬೇ ಆಗಿದೆ. ಈ ಕಸುಬು ಏಕೆ ಬೇಕಾಯಿತು, ಅದು ಎಲ್ಲಿ ನಿಲ್ಲಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಕಾರಿನ ಬಣ್ಣದ ಚರಿತ್ರೆಯಲ್ಲೇ ಉತ್ತರವಿದೆ.

ವಾರಗಟ್ಟಲೆ ಒಣಗುತ್ತಿದ್ದ ಬಣ್ಣ

ಮೊದಮೊದಲ ಕಾರುಗಳಿಗೆ ಬಣ್ಣ ಬಳಿಯುವ ವಿಧಾನ ಕುದುರೆ ಸಾರೋಟಿನಿಂದ ಬಂದದ್ದು. ಅಗಸೆ ಎಣ್ಣೆಯ ಬಣ್ಣ, ವಾರ್ನಿಷ್‌ಗಳನ್ನು ಕುಂಚದಿಂದ ಬಳಿದು, ಒಣಗಲು ಬಿಟ್ಟು, ಉಜ್ಜಿ ನುಣುಪು ಮಾಡಿ, ಮತ್ತೆ ಬಳಿಯಬೇಕಿತ್ತು. ಒಳ್ಳೆಯ ಕಾರೊಂದು ಬಣ್ಣದ ಕೋಣೆಯಿಂದ ಹೊರಬರಲು ವಾರಗಟ್ಟಲೆ ಹಿಡಿಯುತ್ತಿತ್ತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಆರಂಭದಲ್ಲಿ ಕೆಂಪು, ಹಸಿರು, ಬೂದು ಬಣ್ಣಗಳಲ್ಲಿಯೂ ಇತ್ತು. ಉತ್ಪಾದನೆ ವೇಗ ಪಡೆದ ಮೇಲೆ, 1914ರಿಂದ 1925ರವರೆಗೆ ಅದಕ್ಕೆ ಕಪ್ಪು ಬಣ್ಣವೊಂದೇ ಗತಿಯಾಯಿತು. ಡಾಂಬರಿನ ಜಾತಿಯ ಪದಾರ್ಥ ಬೆರೆತ ಆ ಕಪ್ಪು ಬಣ್ಣ ಅಗ್ಗವೂ ಹೌದು, ಗಟ್ಟಿಮುಟ್ಟೂ ಹೌದು.

ಸಿಡಿಮದ್ದಿನ ಬಂಧು

ಪರಿಸ್ಥಿತಿಯನ್ನು ಬದಲಿಸಿದ್ದು ಸಿಡಿಮದ್ದು ತಯಾರಿಸುತ್ತಿದ್ದ ಅಮೆರಿಕದ ಡುಪಾಂಟ್ ಕಂಪನಿ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ದೊರೆಯುತ್ತದೆ. ಆಮ್ಲದ ಅಂಶ ಹೆಚ್ಚು ಸೇರಿದರೆ ಅದು ಸ್ಫೋಟಕ. ಕಡಿಮೆ ಸೇರಿದರೆ ದ್ರಾವಕದಲ್ಲಿ ಕರಗಿ ಬಣ್ಣಕ್ಕೆ ಆಧಾರವಾಗುತ್ತದೆ. ಹೀಗೆ ಹುಟ್ಟಿದ ‘ಡ್ಯೂಕೋ’ ಬಣ್ಣವನ್ನು 1923ರಲ್ಲಿ ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳಿಗೆ ಬಳಸಲಾಯಿತು. ಪಿಚಕಾರಿಯಿಂದ ಸಿಂಪಡಿಸಬಹುದಾಗಿದ್ದ ಈ ಬಣ್ಣ ಕೆಲವೇ ಗಂಟೆಗಳಲ್ಲಿ ಒಣಗುತ್ತಿತ್ತು. ನಮ್ಮ ಬಡಗಿಗಳ ಬಾಯಲ್ಲಿ ‘ಡ್ಯೂಕೋ ಪೇಂಟ್’ ಎಂಬ ಮಾತು ಇಂದಿಗೂ ಉಳಿದಿದೆ.

ಇಂತಹ ಬಣ್ಣಕ್ಕೆ ಇಂಗ್ಲಿಷಿನಲ್ಲಿರುವ ‘ಲ್ಯಾಕರ್’ ಎಂಬ ಹೆಸರಿನ ಮೂಲ ಸಂಸ್ಕೃತದ ‘ಲಾಕ್ಷಾ’, ಅಂದರೆ ನಮ್ಮ ಅರಗು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ಬೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಹರಡಿ ಹೊಳೆಯುತ್ತದೆ. ಅಲ್ಲಿ ಉಜ್ಜುವುದರಿಂದ ಬಣ್ಣ ಕೂಡುತ್ತದೆ. ಕಾರಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ.

ಡ್ಯೂಕೋ ಬಣ್ಣಕ್ಕಿದ್ದ ದೋಷವೆಂದರೆ, ಬಿಸಿಲಿಗೆ ಅದು ಮಂಕಾಗಿ ಸುಣ್ಣದ ಪುಡಿಯಂತೆ ಉದುರುತ್ತಿತ್ತು. ಆಗ ಸತ್ತ ಪದರವನ್ನು ಪಾಲಿಷಿನಿಂದ ಉಜ್ಜಿ ತೆಗೆದು, ಮೇಲೆ ಮೇಣ ಹಚ್ಚಬೇಕಾಗುತ್ತಿತ್ತು. ಈ ಮೇಣಗಳಲ್ಲಿ ಹೆಸರಾದದ್ದು ಈಶಾನ್ಯ ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಯಿಂದ ಸಿಗುವ ಕಾರ್ನೂಬಾ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುವ ಗಡಸು ಮೇಣವಾದ್ದರಿಂದ ಬಿಸಿಲಿಗೂ ಅದು ಜಗ್ಗುವುದಿಲ್ಲ.

ಗೀರು ಮಾಯವಾಗುವ ಬಗೆ

1980ರ ದಶಕದಿಂದೀಚೆಗೆ ಬಣ್ಣದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರ ಬಳಿಯುವ ಪದ್ಧತಿ ವ್ಯಾಪಕವಾಯಿತು. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ವೃತ್ತಪತ್ರಿಕೆಯ ಹಾಳೆಗಿಂತಲೂ ತೆಳು. ನುಣುಪಾದ ಮೇಲ್ಮೈ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಮರಳಿಸುತ್ತದೆ. ಗೀರು ಅದನ್ನು ಚದುರಿಸುತ್ತದೆ. ಪಾಲಿಷ್ ಮಾಡುವಾಗ ಗೀರನ್ನು ‘ತುಂಬಿ’ ಹೋಗಲಾಡಿಸುವುದಿಲ್ಲ. ಅದರ ತಳದ ಮಟ್ಟಕ್ಕೆ ಸುತ್ತಲಿನ ಪದರವನ್ನೇ ಇಳಿಸುತ್ತಾರೆ. ಮೊದಲು ನೀರು ಹಾಕಿ ವಾಟರ್ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್, ಕೊನೆಗೆ ನಯವಾದ ಪಾಲಿಷ್, ಹೀಗೆ ಕಣಗಳ ಗಾತ್ರ ಕಿರಿದಾಗುತ್ತ ಹೋಗುತ್ತದೆ. ಪ್ರತಿ ಸಲವೂ ಕೆಲವು ಮೈಕ್ರಾನ್ ಪದರ ಹೋಯಿತೆಂದೇ ಲೆಕ್ಕ. ಆದ್ದರಿಂದ ಬಲ್ಲ ಕೆಲಸಗಾರ ಮೊದಲು ಕೈಗೆತ್ತಿಕೊಳ್ಳುವುದು ಬಣ್ಣದ ದಪ್ಪ ಅಳೆಯುವ ಮಾಪಕವನ್ನು. ಬಾನೆಟ್ಟಿನ ಅಂಚು, ಮೂಲೆಗಳಲ್ಲಿ ಪದರ ಇನ್ನೂ ತೆಳು; ಅಲ್ಲಿ ಯಂತ್ರ ಒಂದು ಕ್ಷಣ ಹೆಚ್ಚು ನಿಂತರೂ ಒಳಗಿನ ಬಣ್ಣ ಬಯಲಾಗುತ್ತದೆ.

ಸೀಟಿನ ಕಲೆ

ನೈಟ್ರೋಸೆಲ್ಯುಲೋಸ್ ಕಾರಿನ ಒಳಗೂ ಹೊಕ್ಕಿತ್ತು. ಚರ್ಮಕ್ಕೆ ಬದಲಾಗಿ ಇಂಗ್ಲೆಂಡಿನಲ್ಲಿ ತಯಾರಾದ ‘ರೆಕ್ಸಿನ್’ ಅದೇ ರಾಸಾಯನಿಕವನ್ನು ಲೇಪಿಸಿದ ಬಟ್ಟೆ. ಕಂಪನಿಯ ಆ ಹೆಸರು ಕನ್ನಡದಲ್ಲಿ ಪದಾರ್ಥದ ಹೆಸರೇ ಆಗಿಹೋಗಿದೆ. ಬಟ್ಟೆಯ ಸೀಟಿನ ಮೇಲೆ ಹಾಲು ಚೆಲ್ಲಿದಾಗ ಬಿಸಿನೀರು ಸುರಿಯುವುದು ತಪ್ಪು. ಅದರಲ್ಲಿನ ಪ್ರೋಟೀನು ಬಿಸಿಗೆ ಹೆಪ್ಪುಗಟ್ಟಿ ನೂಲಿಗೆ ಅಂಟುತ್ತದೆ. ತಣ್ಣೀರಿನಿಂದ ಆರಂಭಿಸಬೇಕು. ನೀರು ಹೆಚ್ಚಾದರೂ ತೊಂದರೆಯೇ. ಒಳಗಿನ ಸ್ಪಂಜಿಗೆ ಇಳಿದ ಕೊಳೆ, ಸೀಟು ಒಣಗುವಾಗ ದೀಪದ ಬತ್ತಿಗೆ ಎಣ್ಣೆ ಏರುವಂತೆ ಮೇಲೆ ಬಂದು, ಹೋದ ಕಲೆ ಮರುದಿನ ಮತ್ತೆ ಕಾಣಿಸಿಕೊಳ್ಳುತ್ತದೆ.

ಹೊಳೆಯದ ಕಾರಿಗೂ ಬೆಲೆ

ಹೊಳಪಿನ ಮೋಹ ಹಳೆಯ ಕಾರುಗಳಿಗೆ ಕುತ್ತಾದದ್ದೂ ಉಂಟು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಲ್ಲಿ ಆರಂಭವಾದ ಪ್ರದರ್ಶನದಂತಹ ಸ್ಪರ್ಧೆಗಳಲ್ಲಿ ಬಹುಮಾನ ಗಿಟ್ಟಿಸಲೆಂದು, ಮೂಲ ಬಣ್ಣವನ್ನು ಪೂರ್ತಿ ಕೆರೆದು, ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುವಂತೆ ಮಾಡಿದ ಕಾರುಗಳು ಹಲವು. ಹೊಸ ಬಣ್ಣ ಎಷ್ಟು ಸಲ ಬೇಕಾದರೂ ಬಳಿಯಬಹುದು. ಅಂದಿನ ಕೆಲಸಗಾರ ಬಳಿದದ್ದು ಒಮ್ಮೆ ಹೋದರೆ ಹೋಯಿತು. ಈ ಅರಿವಿನಿಂದ ಇಂತಹ ಸ್ಪರ್ಧೆಗಳಲ್ಲೇ ಮೂಲ ಸ್ಥಿತಿಯಲ್ಲಿ ಉಳಿದ ಕಾರುಗಳಿಗೆ ಬೇರೆ ವಿಭಾಗ ಬಂತು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಕೂಡ ಹೊಸದಾಗಿಸುವುದಕ್ಕಿಂತ ಇದ್ದದ್ದನ್ನು ಉಳಿಸುವುದಕ್ಕೆ ಆದ್ಯತೆ ಕೊಟ್ಟಿದೆ.

ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮಾಜೋರೆ ಸರೋವರದಲ್ಲಿ ದಶಕಗಳ ಕಾಲ ಮುಳುಗಿದ್ದ ಬುಗಾಟಿ ಕಾರನ್ನು 2009ರಲ್ಲಿ ಮೇಲೆತ್ತಿದಾಗ ಅದರ ಅರ್ಧ ಮೈ ತುಕ್ಕಿಗೆ ಕರಗಿತ್ತು. ಮರುವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ಅದು 2.6 ಲಕ್ಷ ಯೂರೋಗೂ ಹೆಚ್ಚು ಬೆಲೆ ತಂದಿತು. ಕೊಂಡವರು ಅದಕ್ಕೆ ಬಣ್ಣ ಬಳಿಸದೆ, ತುಕ್ಕು ಹಿಡಿದಂತೆಯೇ ಮ್ಯೂಸಿಯಂನಲ್ಲಿಟ್ಟರು.

ಎಲ್ಲ ಕಾರುಗಳೂ ಮ್ಯೂಸಿಯಂ ಸೇರುವುದಿಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಣ್ತುಂಬ ನೋಡಿ ಬಂದವರ ಮನೆಯ ಶೆಡ್ಡಿನಲ್ಲೇ ಅಜ್ಜನ ಕಾಲದ ಅಂಬಾಸಿಡರ್ ನಿಂತಿರಬಹುದು. ಅದನ್ನು ಗ್ಯಾರೇಜಿಗೆ ಒಯ್ದು ಬಣ್ಣ ಕೆರೆಸುವ ಮುನ್ನ, ಮೊದಲು ನೀರು ಹಾಕಿ ದೂಳು ತೊಳೆದು, ಹತ್ತಿರದಿಂದ ಒಮ್ಮೆ ನೋಡುವುದು ಒಳಿತು. ಮಂಕಾದ ಆ ಪದರದ ಅಡಿಯಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿರಬಹುದು.