ಹದಿನೆಂಟು ಪಂದ್ಯ, ಒಂದು ಸಂಜೆ

ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೊಡಿ ಹಬ್ಬದ ತೇರು ಎಳೆಯುವ ಹೊತ್ತಿಗೆ ಬಡಗುತಿಟ್ಟಿನ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ಆ ವರ್ಷದ ತಿರುಗಾಟಕ್ಕೆ ಇಳಿದಿರುತ್ತವೆ. ಯಾವ ಕಲಾವಿದ ಯಾವ ಮೇಳ ಬಿಟ್ಟ, ಯಾವ ಮೇಳ ಸೇರಿದ ಎಂಬ ಮಾತೆಲ್ಲ ಮಳೆಗಾಲದಲ್ಲೇ ಮುಗಿದಿರುತ್ತದೆ. ಇನ್ನು ಮಳೆ ಹಿಡಿಯುವವರೆಗೆ ರಾತ್ರಿಗೊಂದು ಊರು. 2017ರಲ್ಲಿ ಮೇಳಗಳು ಹೊರಟ ಅದೇ ದಿನಗಳಲ್ಲಿ, ನವೆಂಬರ್ 19ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇನ್ನೊಂದು ತಿರುಗಾಟ ಶುರುವಾಯಿತು. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗಿನಲ್ಲಿ ತನ್ನ ಮೊದಲ ಪಂದ್ಯ ಆಡಿ ಮುಂಬೈ ಸಿಟಿ ತಂಡವನ್ನು 2-0ಯಿಂದ ಸೋಲಿಸಿತು. ಒಂದು ಗೋಲು ಸ್ಪೇನಿನ ಎಡು ಗಾರ್ಸಿಯಾನದು, ಇನ್ನೊಂದು ನಾಯಕ ಸುನಿಲ್ ಚೆಟ್ರಿಯದು. ಮೈದಾನದ ಅಂಚಿನಲ್ಲಿ ನಿಂತಿದ್ದ ಕೋಚ್ ಆಲ್ಬರ್ಟ್ ರೋಕಾ ಕೂಡ ಸ್ಪೇನಿನವರೇ, ಕ್ಯಾಟಲೋನಿಯಾದ ಗ್ರನೋಯೆರ್ಸ್ ಊರಿನವರು.

ರೋಕಾ ಸಾಮಾನ್ಯ ಹಿನ್ನೆಲೆಯವರಲ್ಲ. 2003ರಿಂದ 2008ರವರೆಗೆ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೋಚ್ ಆಗಿದ್ದಾಗ ಅವರ ಬಳಗದಲ್ಲಿ ದುಡಿದವರು. ರೊನಾಲ್ಡಿನೊ ಮೆರೆದದ್ದು, ಹದಿಹರೆಯದ ಮೆಸ್ಸಿ 2004ರ ಅಕ್ಟೋಬರಿನಲ್ಲಿ ಲೀಗಿಗೆ ಕಾಲಿಟ್ಟದ್ದು, 2004-05 ಮತ್ತು 2005-06ರಲ್ಲಿ ಬಾರ್ಸಿಲೋನಾ ಸಾಲಾಗಿ ಎರಡು ಬಾರಿ ಲಾ ಲಿಗಾ ಗೆದ್ದದ್ದು, 2006ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಆರ್ಸೆನಲ್ ತಂಡವನ್ನು ಮಣಿಸಿ ಯುರೋಪಿನ ಕಪ್ ಎತ್ತಿದ್ದು, ಎಲ್ಲವನ್ನೂ ಅವರು ಒಳಗಿನಿಂದ ಕಂಡವರು. ಅಂಥವರು 2016ರ ಜುಲೈಯಲ್ಲಿ ಬೆಂಗಳೂರಿಗೆ ಬಂದು ಇಳಿದರು.

ಅವರು ಬಂದ ನೆಲ ಬರಡಾಗಿರಲಿಲ್ಲ. ಬೆಂಗಳೂರಿನ ಕಾಲ್ಚೆಂಡಿನ ಕಥೆಯನ್ನು ಬೆಂಗಳೂರು ಎಫ್‌ಸಿ ಹುಟ್ಟಿದ 2013ರಿಂದ ಶುರು ಮಾಡುವವರು ಆ ನಗರಕ್ಕೆ ಅನ್ಯಾಯ ಮಾಡುತ್ತಾರೆ. ದಂಡು ಪ್ರದೇಶದ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಸುತ್ತಲ ಬಡಾವಣೆಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದಂದಿನಿಂದ ಬ್ರಿಟಿಷ್ ಪಡೆಗಳ ಸ್ವತ್ತಿನಂತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಫೈನಲಿನಲ್ಲಿ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ಆ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಇನ್ನೊಮ್ಮೆ. ಮೈಸೂರು ರಾಜ್ಯದ ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ತಂದಿತು.

1948ರ ಲಂಡನ್ ಒಲಿಂಪಿಕ್ಸಿನ ಪಂದ್ಯವಂತೂ ದೇಶಕ್ಕೇ ಗೊತ್ತು. ಫ್ರಾನ್ಸ್ ಎದುರು ಭಾರತದ ಹೆಚ್ಚಿನ ಆಟಗಾರರು ಬೂಟಿಲ್ಲದೆ ಆಡಿದರು, ಎರಡು ಪೆನಾಲ್ಟಿ ಕೈತಪ್ಪಿದವು, ಕೊನೆಯ ನಿಮಿಷಗಳ ಗೋಲಿನಿಂದ 1-2ರ ಸೋಲಾಯಿತು. ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಎಂಬುದನ್ನು ಮಾತ್ರ ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತಾರೆ? ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಮತ್ತು ಧನರಾಜ್ ಕೂಡ ಬೆಂಗಳೂರಿನವರು. ಇವರಿಬ್ಬರೂ ಕಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾ ರಾವ್, ವೆಂಕಟೇಶ್, ಸಾಲೆ ಇವರೊಂದಿಗೆ ಸೇರಿ ಐವರ ಮುನ್ನಡೆ ಸಾಲಾಯಿತು. ಬಂಗಾಳದ ಅಭಿಮಾನಿಗಳು ಅವರನ್ನು ಪಂಚಪಾಂಡವರೆಂದೇ ಕರೆದರು. 1949, 50, 51ರಲ್ಲಿ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲಿನ ಪಾಲಾಯಿತು.

ಆಟಗಾರರು ಹೀಗೆ ಊರು ಬಿಟ್ಟು ಹೋದದ್ದಕ್ಕೆ ಕಾರಣ ಸರಳ. ಕಲ್ಕತ್ತದಲ್ಲಿ ಜನ ಸೇರುತ್ತಿದ್ದರು, ದುಡ್ಡಿತ್ತು, ಹೆಸರಿತ್ತು. ಬೆಂಗಳೂರಿನಲ್ಲಿ ಕಾಲ್ಚೆಂಡು ಹೊಟ್ಟೆ ಹೊರೆದದ್ದು ಸಾರ್ವಜನಿಕ ಉದ್ದಿಮೆಗಳ ನೌಕರಿಯ ಮೂಲಕ. ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳು ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಮರ್ಫಿ ಟೌನ್, ಆಸ್ಟಿನ್ ಟೌನ್, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡ ಗೌತಮಪುರ, ಇಲ್ಲಿನ ಎಷ್ಟೋ ಮನೆಗಳಿಗೆ ಒಂದು ಸಂಬಳ, ವಯಸ್ಸಾದ ಮೇಲೊಂದು ಭದ್ರತೆ ಸಿಕ್ಕಿದ್ದು ಚೆಂಡಿನಿಂದ. ಆ ವ್ಯವಸ್ಥೆಯನ್ನು ಹಳತೆಂದು ಹಗುರವಾಗಿ ಕಾಣಬಾರದು. ಆದರೆ ಕಾರ್ಖಾನೆಯ ತಂಡಕ್ಕೆ ಊರಿನ ಅಭಿಮಾನಿ ಬಳಗ ಬೆಳೆಯುವುದು ಕಷ್ಟ. ಎಚ್‌ಎಎಲ್ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿದಾಗ ಬೆಂಗಳೂರಿಗೆ ದೇಶದ ಮೊದಲ ದರ್ಜೆಯಲ್ಲಿ ಒಂದು ತಂಡವೂ ಉಳಿಯಲಿಲ್ಲ. ಮರುವರ್ಷ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ಇಂಗ್ಲೆಂಡಿನ ಆಶ್ಲೀ ವೆಸ್ಟ್‌ವುಡ್ ಕೋಚ್ ಆಗಿದ್ದ ಆ ತಂಡ ಮೊದಲ ವರ್ಷವೇ, 2014ರ ಏಪ್ರಿಲಿನಲ್ಲಿ, ಐ-ಲೀಗ್ ಗೆದ್ದುಬಿಟ್ಟಿತು.

ಸ್ಪೇನಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಮೊದಲು ಇದ್ದದ್ದು ಕಪ್ ಪಂದ್ಯಾವಳಿ ಮತ್ತು ಪ್ರಾಂತೀಯ ಟೂರ್ನಿಗಳು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. 1926ರಲ್ಲಿ ಸ್ಪೇನಿನಲ್ಲಿ ಆಟಗಾರರಿಗೆ ಸಂಬಳ ಕೊಡುವುದು ನಿಯಮಬದ್ಧವಾಯಿತು. ತಿಂಗಳು ತಿಂಗಳು ಸಂಬಳ ಕೊಡಬೇಕಾದರೆ ತಿಂಗಳು ತಿಂಗಳು ಟಿಕೆಟ್ ಮಾರಾಟವಾಗಬೇಕು. ಮೊದಲ ಸುತ್ತಿನಲ್ಲೇ ಸೋತು ವರ್ಷವಿಡೀ ಖಾಲಿ ಕೂರುವ ಕ್ಲಬ್ಬಿಗೆ ಅದು ಆಗದ ಮಾತು. ಅರೆನಾಸ್ ಕ್ಲಬ್ಬಿನ ಹೊಸೆ ಮರಿಯಾ ಆಚಾ 1927ರಲ್ಲಿ ರಾಷ್ಟ್ರೀಯ ಲೀಗಿನ ಪ್ರಸ್ತಾವ ಮುಂದಿಟ್ಟರು. 1929ರ ಫೆಬ್ರವರಿಯಲ್ಲಿ ಹತ್ತು ಕ್ಲಬ್ಬುಗಳೊಂದಿಗೆ ಲೀಗ್ ಶುರುವಾಯಿತು. ಪ್ರತಿ ತಂಡ ಉಳಿದ ಒಂಬತ್ತು ತಂಡಗಳೊಂದಿಗೆ ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಬೇಕು. ಒಟ್ಟು ಹದಿನೆಂಟು ಪಂದ್ಯ. ಆಗ ಗೆಲುವಿಗೆ ಎರಡೇ ಪಾಯಿಂಟ್. ಬಾರ್ಸಿಲೋನಾ 25 ಪಾಯಿಂಟ್ ಗಳಿಸಿತು, ರಿಯಲ್ ಮ್ಯಾಡ್ರಿಡ್ 23. ಬಾರ್ಸಿಲೋನಾ ಚಾಂಪಿಯನ್. ಫೈನಲ್ ಎಂಬುದು ಇರಲೇ ಇಲ್ಲ. ಅಂತರ್ಯುದ್ಧದಿಂದ 1936ರಿಂದ 1939ರವರೆಗೆ ಲೀಗ್ ನಿಂತದ್ದುಂಟು. ತಂಡಗಳು ಇಪ್ಪತ್ತಾದವು, ಪಂದ್ಯಗಳು ಮೂವತ್ತೆಂಟಾದವು, ಗೆಲುವಿಗೆ ಮೂರು ಪಾಯಿಂಟ್ ಬಂತು. ಅಗ್ರಸ್ಥಾನದಲ್ಲಿ ಮುಗಿಸಿದವನೇ ಚಾಂಪಿಯನ್ ಎಂಬ ನಿಯಮ ಮಾತ್ರ ಕದಲಲಿಲ್ಲ.

2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿಯೂ ಹತ್ತೇ ತಂಡ, ಹದಿನೆಂಟೇ ಪಂದ್ಯ. ಆದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್, ಆಮೇಲೆ ಒಂದು ಫೈನಲ್.

ಅದಕ್ಕೆ ಮುಂಚೆ ರೋಕಾ ಬೆಂಗಳೂರಿನಲ್ಲಿ ಮಾಡಿದ್ದೇನು? ಬಂದ ಮೂರೇ ತಿಂಗಳಲ್ಲಿ ಅವರ ತಂಡ ಎಎಫ್‌ಸಿ ಕಪ್ ಸೆಮಿಫೈನಲಿನಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಎದುರು ನಿಂತಿತ್ತು. ಮಲೇಷ್ಯಾದಲ್ಲಿ 1-1. ಕಂಠೀರವದಲ್ಲಿ 2016ರ ಅಕ್ಟೋಬರ್ 19ರ ರಾತ್ರಿ ಮೊದಲ ಗೋಲು ಎದುರಾಳಿಯದು. ಚೆಟ್ರಿ ಎರಡು ಗೋಲು ಹೊಡೆದರು, ಸ್ಪೇನಿನ ಡಿಫೆಂಡರ್ ಹುವಾನನ್ ಒಂದು. 3-1ರಿಂದ ಗೆದ್ದು ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಬಂತು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದೆದುರು 0-1ರಿಂದ ಸೋತರೂ ಆ ವಾರ ಬೆಂಗಳೂರು ಏಷ್ಯಾದ ಭೂಪಟದಲ್ಲಿ ಕಂಡಿತು.

ಸ್ಪೇನಿನವರು ತಂದದ್ದು ಮುಖ್ಯವಾಗಿ ತಾಳ್ಮೆ. ಗೋಲ್‌ಕೀಪರ್ ಚೆಂಡನ್ನು ಎತ್ತಿ ದೂರ ಒದೆಯುವುದಕ್ಕಿಂತ ಹತ್ತಿರದವನಿಗೆ ಕೊಟ್ಟು, ಅವನು ಪಕ್ಕದವನಿಗೆ ಕೊಟ್ಟು, ಹಿಂದಿನಿಂದಲೇ ಆಟ ಕಟ್ಟುವ ಕ್ರಮ. ನಡುವೆ ನಿಂತು ಚೆಂಡಿನ ವೇಗ ನಿರ್ಧರಿಸುತ್ತಿದ್ದವರು ಡಿಮಾಸ್ ಡೆಲ್ಗಾಡೊ. ಬಾರ್ಸಿಲೋನಾದ ಎರಡನೇ ತಂಡದಲ್ಲಿ ಆಡಿ ಬಂದ ಅವರ ಕಾಲಲ್ಲಿ ಚೆಂಡಿದ್ದಾಗ ಗದ್ದಲದ ಕಂಠೀರವದಲ್ಲಿಯೂ ಅವಸರ ಕಾಣುತ್ತಿರಲಿಲ್ಲ. ಮುಂದೆ ವೆನೆಜುವೆಲಾದ ಮಿಕು. ವೆಲೆನ್ಸಿಯಾ, ಹೆತಾಫೆ, ರಾಯೊ ವಾಯೆಕಾನೊ ಕ್ಲಬ್ಬುಗಳಲ್ಲಿ ಪಳಗಿದವರು. ಆ ಸೀಸನ್ನಿನಲ್ಲಿ ಮಿಕು 15 ಗೋಲು, ಚೆಟ್ರಿ 14. ಬಲಬದಿಯಲ್ಲಿ ಮಣಿಪುರದ ಉದಾಂತ ಸಿಂಗನ ಓಟ, ಗೋಲಿನಲ್ಲಿ ನಾರ್ವೆಯಿಂದ ಮರಳಿದ ಗುರುಪ್ರೀತ್ ಸಿಂಗ್ ಸಂಧು. ಪಶ್ಚಿಮದ ಗ್ಯಾಲರಿಯಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ತೊಂಬತ್ತು ನಿಮಿಷವೂ ಕೂರದೆ ಹಾಡುತ್ತಿದ್ದರು. ಕಾರ್ಖಾನೆಯ ತಂಡಗಳಿಗೆ ದಕ್ಕದ ಸಂಪತ್ತು ಇದು.

ಹದಿನೆಂಟು ಪಂದ್ಯ ಮುಗಿದಾಗ ಬೆಂಗಳೂರು 13 ಗೆದ್ದಿತ್ತು, ಒಂದು ಡ್ರಾ, ನಾಲ್ಕು ಸೋಲು. 40 ಪಾಯಿಂಟ್. ಎರಡನೆಯ ಸ್ಥಾನದ ಚೆನ್ನೈಯಿನ್ 32ರಲ್ಲಿತ್ತು. ಸೆಮಿಫೈನಲಿನಲ್ಲಿ ಪುಣೆ ಎದುರು ಚೆಟ್ರಿ ಹ್ಯಾಟ್ರಿಕ್ ಹೊಡೆದರು. ಫೈನಲ್ 2018ರ ಮಾರ್ಚ್ 17ರಂದು, ಅದೂ ತವರಿನ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಉದಾಂತ ಬಲದಿಂದ ಹಾಯಿಸಿದ ಚೆಂಡಿಗೆ ಚೆಟ್ರಿ ಹಾರಿ ತಲೆ ಕೊಟ್ಟರು. ಊರಿಗೆ ಊರೇ ಕುಣಿಯಿತು. 17ನೇ ನಿಮಿಷದಲ್ಲಿ ಕಾರ್ನರ್ ಕಿಕ್ಕಿಗೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವಿಸ್ ಹೆಡರ್; 1-1. ವಿರಾಮಕ್ಕೆ ಮುಂಚೆ ಇನ್ನೊಂದು ಕಾರ್ನರ್, ಅದೇ ಮೈಲ್ಸನ್, ಅದೇ ತಲೆ. 67ನೇ ನಿಮಿಷದಲ್ಲಿ ರಾಫೆಲ್ ಆಗಸ್ಟೊ ಮೂರನೆಯದನ್ನು ಹೊಡೆದರು. ಕೊನೆಗಳಿಗೆಯಲ್ಲಿ ಮಿಕು ಒಂದು ಗೋಲು ಮರಳಿಸಿದರೂ ಹೊತ್ತು ಮೀರಿತ್ತು. 2-3. ಚಾಂಪಿಯನ್ ಚೆನ್ನೈಯಿನ್.

ಚೆನ್ನೈಯಿನ್ ಆ ಸಂಜೆ ಚೆನ್ನಾಗಿ ಆಡಿತು, ಗೆಲುವಿಗೆ ಯೋಗ್ಯವಾಗಿತ್ತು. ನಿಯಮ ಮೊದಲೇ ಎಲ್ಲರಿಗೂ ಗೊತ್ತಿತ್ತು. ಆದರೂ ನವೆಂಬರಿನಿಂದ ಮಾರ್ಚಿನವರೆಗೆ ದೇಶ ಸುತ್ತಿ ಗಳಿಸಿದ ಎಂಟು ಪಾಯಿಂಟುಗಳ ಅಂತರ ಎರಡು ಕಾರ್ನರ್ ಕಿಕ್ಕಿಗೆ ಕರಗಿಹೋಗುವ ಏರ್ಪಾಡನ್ನು ಲೀಗ್ ಎಂದು ಕರೆಯುವುದು ಸರಿಯೇ ಎಂದು ಕೇಳಲೇಬೇಕು. ಇಡೀ ತಿರುಗಾಟದ ಲೆಕ್ಕವನ್ನು ಕಡೆಯ ಒಂದು ರಾತ್ರಿಯ ಆಟದ ಮೇಲೆ ಹಾಕುವ ಮೇಳದ ಯಜಮಾನ ಕುಂದಾಪುರದ ಕಡೆ ಸಿಗಲಾರ.

ಅದೇ ವರ್ಷ ಸ್ಪೇನಿನಲ್ಲಿ ಏನಾಯಿತು ನೋಡಿ. ಬಾರ್ಸಿಲೋನಾ ಮೊದಲ 36 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಏಪ್ರಿಲ್ 29ರಂದು ಲಾ ಕೊರುನ್ಯಾದಲ್ಲಿ ಡೆಪೊರ್ಟಿವೊ ತಂಡವನ್ನು 4-2ರಿಂದ ಸೋಲಿಸಿ, ಮೆಸ್ಸಿಯ ಹ್ಯಾಟ್ರಿಕ್ ಬಲದಿಂದ, ನಾಲ್ಕು ಪಂದ್ಯ ಬಾಕಿಯಿರುವಾಗಲೇ ಪ್ರಶಸ್ತಿ ಖಚಿತಪಡಿಸಿಕೊಂಡಿತು. ಆ ಸೋಲಿನೊಂದಿಗೆ ಡೆಪೊರ್ಟಿವೊ ಎರಡನೇ ದರ್ಜೆಗೆ ಇಳಿಯಿತು. ಮೇ 13ರಂದು ಲೆವಾಂತೆ ಎದುರು ಬಾರ್ಸಿಲೋನಾ 4-5ರಿಂದ ಸೋತಿತು. ಅಜೇಯ ಸೀಸನ್ನಿನ ಕನಸು ಮುರಿಯಿತೇ ಹೊರತು ಕಿರೀಟ ಅಲುಗಲಿಲ್ಲ. 93 ಪಾಯಿಂಟ್, ಎರಡನೆಯ ಅಟ್ಲೆಟಿಕೊ ಮ್ಯಾಡ್ರಿಡ್ಡಿಗಿಂತ 14 ಹೆಚ್ಚು. ಮೂರನೆಯದಾಗಿ ಮುಗಿಸಿದ ರಿಯಲ್ ಮ್ಯಾಡ್ರಿಡ್ ಅದೇ ಮೇ ತಿಂಗಳಲ್ಲಿ ಯುರೋಪಿನ ಕಪ್ ಗೆದ್ದಿತು. ಕಪ್ಪಿನ ದಾರಿ ಬೇರೆ, ಲೀಗಿನ ದಾರಿ ಬೇರೆ ಎಂದು ಆ ದೇಶ ತೊಂಬತ್ತು ವರ್ಷಗಳ ಹಿಂದೆಯೇ ಬೇರ್ಪಡಿಸಿಟ್ಟಿತ್ತು. ಆ ಸೀಸನ್ನಿನ ಮರುವರ್ಷದಿಂದ ಮೂರು ವರ್ಷ ಲಾ ಲಿಗಾದ ಪಂದ್ಯಗಳೆಲ್ಲ ಭಾರತದಲ್ಲಿ ಫೇಸ್‌ಬುಕ್ಕಿನಲ್ಲೇ ಪುಕ್ಕಟೆಯಾಗಿ ಬಂದವು. ಕ್ರಿಕೆಟ್ಟು, ವಾಲಿಬಾಲು, ಕಬಡ್ಡಿಗಳ ಕರಾವಳಿಯಲ್ಲೂ ಮೊಬೈಲಿದ್ದವರಿಗೆ ಸ್ಪೇನಿನ ಪಾಯಿಂಟ್ ಪಟ್ಟಿ ಕೈಗೆಟುಕಿತು.

ಫೈನಲ್ ಸೋತ ಐದು ವಾರಗಳೊಳಗೆ ರೋಕಾ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4-1ರಿಂದ ಸೋಲಿಸಿ ಸೂಪರ್ ಕಪ್ ತಂದರು. ಆಮೇಲೆ ತಂಡ ಬಿಟ್ಟರು. ಅವರೊಂದಿಗೇ ಬಂದಿದ್ದ ಸಹಾಯಕ, ಬಾರ್ಸಿಲೋನಾದ ಅಕಾಡೆಮಿಯಲ್ಲೇ ಬೆಳೆದ ಕಾರ್ಲೆಸ್ ಕ್ವಾಡ್ರಾಟ್ ಮುಖ್ಯ ಕೋಚ್ ಆದರು. 2018-19ರಲ್ಲಿ ಬೆಂಗಳೂರು ಮತ್ತೆ ಅಗ್ರಸ್ಥಾನ ಪಡೆಯಿತು, ಈ ಸಲ ಗೋವಾದಷ್ಟೇ 34 ಪಾಯಿಂಟ್ ಗಳಿಸಿ. 2019ರ ಮಾರ್ಚ್ 17, ಸರಿಯಾಗಿ ಒಂದು ವರ್ಷದ ಮೇಲೆ, ಮುಂಬಯಿಯಲ್ಲಿ ಅದೇ ಗೋವಾ ಎದುರು ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿ ಮುಗಿಯಲು ಕೆಲವೇ ನಿಮಿಷವಿರುವಾಗ ಡಿಮಾಸ್ ಒದ್ದ ಕಾರ್ನರ್ ಕಿಕ್ಕಿಗೆ ರಾಹುಲ್ ಭೆಕೆ ತಲೆ ಕೊಟ್ಟರು. ಹಿಂದಿನ ವರ್ಷ ಕಾರ್ನರ್ ಕಿಕ್ಕುಗಳಲ್ಲಿ ಕಳೆದುಕೊಂಡದ್ದನ್ನು ಕಾರ್ನರ್ ಕಿಕ್ಕಿನಲ್ಲೇ ಗಳಿಸಿದಂತಾಯಿತು. ಅಗ್ರಸ್ಥಾನದಲ್ಲಿ ಮುಗಿಸಿ ಫೈನಲನ್ನೂ ಗೆದ್ದ ಮೊದಲ ಐಎಸ್‌ಎಲ್ ತಂಡ ಬೆಂಗಳೂರು.

ರೋಕಾ 2020ರಲ್ಲಿ ಬಾರ್ಸಿಲೋನಾಕ್ಕೆ ಫಿಟ್‌ನೆಸ್ ಕೋಚ್ ಆಗಿ ಮರಳಿದರು. ಕ್ವಾಡ್ರಾಟ್ ಮುಂದೆ ಕಲ್ಕತ್ತಕ್ಕೆ ಹೋದರು. ಧನರಾಜ್, ಅಹ್ಮದ್ ಖಾನ್ ಆಡಿದ್ದ ಈಸ್ಟ್ ಬೆಂಗಾಲಿಗೆ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು. ಹಿಂದೆ ಮೈಸೂರು ರಾಜ್ಯ ಗೆದ್ದಿದ್ದ ಸಂತೋಷ್ ಟ್ರೋಫಿಯೂ 54 ವರ್ಷಗಳ ಬಳಿಕ, 2023ರ ಮಾರ್ಚಿನಲ್ಲಿ, ಸೌದಿ ಅರೇಬಿಯಾದ ರಿಯಾದಿನಲ್ಲಿ ನಡೆದ ಫೈನಲಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕದ ಕೈಸೇರಿತು.

ಭಾರತದ ಲೀಗೂ ತನ್ನ ಲೆಕ್ಕ ತಿದ್ದಿಕೊಂಡಿತು. 2019-20ರಿಂದ ಅಗ್ರಸ್ಥಾನದಲ್ಲಿ ಮುಗಿಸಿದ ತಂಡಕ್ಕೆ ಲೀಗ್ ಶೀಲ್ಡ್ ಎಂಬ ಪ್ರತ್ಯೇಕ ಪ್ರಶಸ್ತಿ, ಜೊತೆಗೆ ಏಷ್ಯಾದ ದೊಡ್ಡ ಟೂರ್ನಿಗೆ ದಾರಿ ಸಿಕ್ಕಿತು. ಅದನ್ನು ಮೊದಲು ಪಡೆದದ್ದು ಗೋವಾ. 40 ಪಾಯಿಂಟುಗಳ ಆ ಬೆಂಗಳೂರು ತಂಡಕ್ಕೆ ಅಂಥದ್ದೇನೂ ಇರಲಿಲ್ಲ. 2024-25ರಲ್ಲಿ ಇನ್ನೊಬ್ಬ ಸ್ಪೇನಿಗ ಹೆರಾರ್ಡ್ ಸರಗೋಸಾ ಕೋಚ್ ಆಗಿದ್ದಾಗ ತಂಡ ಪಟ್ಟಿಯಲ್ಲಿ ಮೂರನೆಯದಾಗಿ ಮುಗಿಸಿ ಫೈನಲ್ ತಲುಪಿತು. ಕಲ್ಕತ್ತದಲ್ಲಿ ಹೆಚ್ಚುವರಿ ಅವಧಿಯ ಆಟದಲ್ಲಿ ಮೋಹನ್ ಬಾಗಾನ್ ಎದುರು 1-2ರಿಂದ ಸೋತಿತು. ಆ ವರ್ಷದ ಶೀಲ್ಡ್ ಕೂಡ ಮೋಹನ್ ಬಾಗಾನಿನದೇ.